ಮೂರು, ಮೂರು, ಎರಡು

ಜೆ.ಸಿ. ರೋಡಿನ ಸೀಟ್‌ಕವರ್ ಅಂಗಡಿಯ ಮೇಲೆ
ಮೊಟ್ಟೆತಟ್ಟೆ ಅಂಟಿಸಿದ ಗೋಡೆಗಳ ಕೋಣೆ.
ಫ್ಯಾನು ನಿಲ್ಲಿಸಿದ್ದೇವೆ, ಅದೂ ಹಾಡುತ್ತದೆಂದು.

ಬ್ಯೂನಸ್ ಐರಿಸ್ಸಿನ ಹಾಳೆ ಸ್ಟ್ಯಾಂಡಿನ ಮೇಲೆ.
ಬ್ಯಾಂಡೋನಿಯನ್ ಎಲ್ಲಿಂದ ತರೋಣ?
ಸೌಂದರವಲ್ಲಿ ಹಾರ್ಮೋನಿಯಂ ಬಿಚ್ಚಿ
ತಿದಿಯ ಬಿರುಕಿಗೆ ಸೈಕಲ್ ಪಂಕ್ಚರಿನ ತುಂಡು ಹಚ್ಚುತ್ತಾಳೆ.
ತಿರುಮಲಾಚಾರ್ ಮೃದಂಗ ಇನ್ನೂ ಮುಟ್ಟಿಲ್ಲ;
ತೊಡೆಯ ಮೇಲೆ ಬೆರಳಾಡಿಸಿ ನಕ್ಕರು:
"ತಕಿಟ ತಕಿಟ ತಕ. ಇಷ್ಟೇನಾ?
ನಮ್ಮ ಎಂಟೇ ಅಲ್ಲವೇನಮ್ಮ ಇದು,
ಪಾಪ, ಕುಂಟುತ್ತ ಬಂದಿದೆ ಅಷ್ಟು ದೂರದಿಂದ."

ಕಷ್ಟ ನನ್ನದು.
ಸಾಧಾರಣ ಗಾಂಧಾರ. ಅಲುಗಿಸಬಾರದಂತೆ.
ಪಿಟೀಲಿನ ಮೇಲೆ ಮೂವತ್ತೆಂಟು ವರ್ಷ ಪಳಗಿದ ಬೆರಳು
ನಿಲ್ಲೆಂದರೆ ನಿಲ್ಲದು,
ಮಗು ಮಲಗಿದ ಮೇಲೂ ತೊಟ್ಟಿಲು ತೂಗುವ ಕೈ.

ಏಳನೇ ಟೇಕು. ಎಂಟನೇ ಟೇಕು.
ಗಾಜಿನಾಚೆಯಿಂದ ಇಮ್ತಿಯಾಜ್:
"ಮೇಡಂ, ಇಬ್ಬರು ಎದೆಗೆದೆ ತಾಗಿ ನಡೆವಾಗ
ಒಬ್ಬರು ಉಸಿರು ಹಿಡೀತಾರಲ್ಲ,
ಆ ಜಾಗ ಇದು."

ಹಿಡಿದೆ.
ಸ್ವರ ನಿಂತಿತು,
ಒಡವೆ ಕಳಚಿಟ್ಟ ರಾತ್ರಿಯ ಕತ್ತಿನಂತೆ
ತಣ್ಣಗೆ.

ಆಗಲೇ ಕೆಳಗೆ ಯಾರೋ
ಆಟೋ ಸೀಟಿಗೆ ರೆಕ್ಸಿನ್ ಹಾಸಿ ಮೊಳೆ ಬಡಿದರು
ಎರಡೇ ಏಟು,
ಸರಿಯಾಗಿ ಆ ಕೊನೆಯ ಎರಡಕ್ಕೆ.
ಆಚಾರ್ ಎತ್ತಿದ ಕೈ ಎತ್ತಿದಂತೇ ಬಿಟ್ಟರು.
ಇಮ್ತಿಯಾಜ್ ನಿಲ್ಲಿಸಲಿಲ್ಲ.

ರೆಕಾರ್ಡಿನಲ್ಲಿ ಅದು ಇದೆ, ಕೇಳಿ.
ಹೆಸರು ಬರೆದುಕೊಳ್ಳೋಣವೆಂದು ನಾನು ಇಳಿದುಬರುವಷ್ಟರಲ್ಲಿ
ಅಂಗಡಿಯ ಷಟರ್ ಅರ್ಧ ಇಳಿದಿತ್ತು,
ಬೀಗ ಹುಡುಕುತ್ತಿದ್ದ ಹುಡುಗ
"ಇವತ್ತು ಆಯ್ತು ಮೇಡಂ, ನಾಳೆ ಬನ್ನಿ" ಎಂದ.