ಆರನೆಯವಳು

ಹದಿನೆಂಟು ವರ್ಷ ಒಣಗಿ ಬಿದ್ದಿತ್ತು ನಮ್ಮ ಸೀಗೇನಹಳ್ಳಿ ಕೆರೆ.
ಅಂಗಳದಲ್ಲಿ ಜಾಲಿ, ಕ್ರಿಕೆಟ್ಟು, ಹಂದಿ.
ಆಮೇಲೆ ಬೆಂಗಳೂರಿನ ಬಚ್ಚಲು ಪೈಪಿನಲ್ಲಿ ಬಂದು
ಕೋಡಿಯವರೆಗೂ ತುಂಬಿತು. ಬಾಗಿನ ಬಿಟ್ಟೆವು, ಕುರಿ ಕೊಯ್ದೆವು.
ಈಜು ಬಲ್ಲವರು ಅಷ್ಟರಲ್ಲಿ ಮುದುಕರಾಗಿದ್ದರು.
ನಮಗೆ ಯಾರೂ ಕಲಿಸಿರಲಿಲ್ಲ.

ಆ ಸಂಜೆ ಏರಿಯ ಮೇಲೆ ಮೂವತ್ತು ಜನ ನಿಂತಿದ್ದೆವು.
ಫ್ಯಾಕ್ಟರಿ ಬಿಟ್ಟ ಹೆಂಗಸರ ಆಟೋ
ಟೊಮೇಟೊ ಗಾಡಿಗೆ ದಾರಿ ಬಿಡಲು ಹೋಗಿ
ಮೆಲ್ಲಗೆ, ಎಮ್ಮೆ ಇಳಿದ ಹಾಗೆ, ನೀರಿಗಿಳಿಯಿತು.
ನಾನು ನೂರಾ ಎಂಟಕ್ಕೆ ಒತ್ತುತ್ತಿದ್ದೆ.
ಬೇರೇನೂ ಮಾಡಲಿಲ್ಲ, ಬರೆದೇ ಬಿಡುತ್ತೇನೆ.

ರಜಕ್ಕೆ ಬಂದಿದ್ದ ಹವಾಲ್ದಾರ್ ಮುನಿಆಂಜಿನಪ್ಪ
ಡೇರಿಯ ಕಡೆಯಿಂದ ಓಡಿಬಂದ. ವಾಚು ಬಿಚ್ಚಿ ನನ್ನ ಕೈಗಿಟ್ಟ.
ಟೊಮೇಟೊ ಕಟ್ಟಿದ ಹಗ್ಗ ಸೊಂಟಕ್ಕೆ ಸುತ್ತಿ
"ಎಳೀರಿ ಅಂದ್ರೆ ಎಳೀಬೇಕು" ಅಂದವನೇ ಮುಳುಗಿದ.

ಮೊದಲು ಡ್ರೈವರ್ ಹುಡುಗ. ಆಮೇಲೆ ಜಡೆ ಹಿಡಿದು ಒಬ್ಬಳು,
ರೆಟ್ಟೆ ಹಿಡಿದು ಇಬ್ಬರು.
ಕತ್ತಿಗೇ ಜೋತುಬಿದ್ದ ಯಲ್ಲಮ್ಮನ ಕೆನ್ನೆಗೊಂದು ಬಾರಿಸಿ ತಂದ;
ದಡದಲ್ಲಿ "ತಪ್ಪಾಯ್ತಕ್ಕ" ಅಂದ.

"ಇನ್ನೂ ಯಾರಾನಾ ಅವ್ರಾ ಒಳ್ಗೆ?"
ಇಲ್ಲ ಅಂದಳು ಒಬ್ಬಳು. ಕೆಮ್ಮುತ್ತಲೇ ಇನ್ನೊಬ್ಬಳು,
ಪಿಳ್ಳಮ್ಮನ ಸೊಸೆ ಸರೋಜ ಇದ್ದಳಲ್ಲ ಅಂದಳು.
ಇದ್ದಳಾ? ಇದ್ದಳು. ಇಲ್ಲವೇನೋ.
ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಕತ್ತಲಾಗುವವರೆಗೂ ಮುಳುಗಿದ, ಎದ್ದ, ಮುಳುಗಿದ.
ಒಂದು ಸಲ ಊಟದ ಡಬ್ಬಿ. ಒಂದು ಸಲ ಎಡಗಾಲಿನ ಚಪ್ಪಲಿ.
ತಲೆ ಮೇಲೆ ಬಂದಾಗಲೆಲ್ಲ ನಮ್ಮ ಮುಖ ನೋಡುತ್ತಿದ್ದ;
ನಾವು ನೀರು ನೋಡುತ್ತಿದ್ದೆವು.
ಅವನ ವಾಚು ನನ್ನ ಮುಷ್ಟಿಯಲ್ಲಿ ಬೆವೆತಿತ್ತು.

ಏಳೂವರೆಗೆ ಸರೋಜ ಏರಿಯ ಮೇಲೆ ನಡೆದು ಬಂದಳು.
ಫ್ಯಾಕ್ಟರಿ ಗೇಟಲ್ಲೇ ಇಳಿದು ಸೊಪ್ಪು ಕೊಂಡಳಂತೆ.
"ಯಾಕೆ ಇಷ್ಟೊಂದು ಜನ? ಏನಾಯ್ತು?"
ಎಲ್ಲರೂ ನಕ್ಕುಬಿಟ್ಟರು. ಅವನೊಬ್ಬ ನಗಲಿಲ್ಲ.
ಅವಳ ಕೈಯ ದಂಟಿನ ಕಟ್ಟನ್ನೇ ನೋಡುತ್ತ
ಕೆಸರಲ್ಲಿ ಕುಸಿದು ಕೂತ. ಆಗ ಶುರುವಾಯಿತು ನಡುಕ;
ಎರಡು ಕಂಬಳಿಗೂ ನಿಲ್ಲಲಿಲ್ಲ.

ಪದಕಕ್ಕೆ ಬರೆಯಲು ತಾಲ್ಲೂಕು ಆಫೀಸಿನವರು ಬಂದು
ಎಷ್ಟು ಜನ ಅಂದರು. "ಐದು.
ಆರ್ನೇವಳು ತಾನೇ ಬಂದ್ಲು."

ರಜ ಇನ್ನೂ ಒಂಬತ್ತು ದಿನ ಇತ್ತು.
ಕೆರೆಯ ಒರತೆಗೆ ತುಂಬಿದ ಪಟೇಲರ ಬಾವಿಯಲ್ಲಿ,
ಸೋರೆಬುರುಡೆ ಸಿಗದೆ, ಐದು ಲೀಟರಿನ ಎಣ್ಣೆ ಕ್ಯಾನು
ನನ್ನ ಬೆನ್ನಿಗೆ ಕಟ್ಟಿದ. ನನಗೆ ಇಪ್ಪತ್ತೊಂಬತ್ತು;
ನನ್ನ ಹಿಂದೆ ಚಡ್ಡಿ ಹುಡುಗರ ಸಾಲು, ಕಿಸಿಕಿಸಿ.
ಹೊಟ್ಟೆಯ ಕೆಳಗೆ ಅವನ ಅಂಗೈ.
"ಒದಿ, ಒದಿ" ಅನ್ನುತ್ತಿದ್ದ.
ಅಂಗೈ ಯಾವಾಗ ತೆಗೆದನೋ.
ನಾನು ಒದೆಯುತ್ತಲೇ ಇದ್ದೆ.