ನೀರಿನ ಲೋಡು

ತೋರಣಗಲ್ಲಿನ ಗೇಟು ಬಿತ್ತು.
ಮುಂದಿನ ಟಿಪ್ಪರಿಗೂ ನಮಗೂ ನಡುವೆ
ಇನ್ನೆರಡು ಲಾರಿ ಹಿಡಿಯುವಷ್ಟು ಜಾಗ ಬಿಟ್ಟು ನಿಲ್ಲಿಸಿದೆ.
ಹಿಂದಿನವರು ಹಾರ್ನಿನ ಮೇಲೆಯೇ ಕೂತಿದ್ದಾರೆ.
ಶೇಕ್ಷಾವಲಿ, ನನ್ನ ಕ್ಲೀನರು, ಹತ್ತೊಂಬತ್ತರ ಹುಡುಗ,
ಕತ್ತು ಹೊರಗೆ ಹಾಕಿ ಅವರ ವಂಶವನ್ನೆಲ್ಲ ಬೈದು
ಒಳಗೆ ಬಂದು ಕೇಳ್ತಾನೆ:
ಯಾಕಣ್ಣ, ಮುಂದಕ್ಕೆ ತಗೊಳ್ಳಬಾರದೇನು?

ನಿಂತ ಗಾಡಿ ಅಂದರೆ ನನಗೆ ಬೆವರು, ತಮ್ಮಾ.
ಕುವೈತಿನ ಕಂಪನಿ ಕಲಿಸಿದ್ದು ಒಂದೇ ಪಾಠ:
ಟೈರು ಸಿಡಿದರೂ ನಿಲ್ಲಬ್ಯಾಡ, ರಿಮ್ಮಿನ ಮೇಲೆ ಓಡಿಸು.
ಮುಂದಿನವ ಉರಿದರೂ ನಿಲ್ಲಬ್ಯಾಡ, ಬಳಸಿ ಹೋಗು.
ನಿಲ್ಲಲೇಬೇಕಾದರೆ
ತಿರುಗಿಸಿಕೊಳ್ಳೋ ಜಾಗ ಬಿಟ್ಟು ನಿಲ್ಲು.

ಊರಲ್ಲಿ ಎಲ್ಲರೂ ಕೇಳೋದು,
ಗಾದಿಲಿಂಗ, ಏನು ಹೊತ್ತೆ ಅಲ್ಲಿ? ಬಾಂಬಾ, ಮದ್ದುಗುಂಡಾ?
ನೀರು ಅಂದರೆ ನಗ್ತಾರೆ.
ನೀರು ಹೊಡೆಯೋಕೆ ಯುದ್ಧಕ್ಕೆ ಹೋದನಂತೆ,
ಇಲ್ಲಿ ಟ್ಯಾಂಕರ್ ಇರಲಿಲ್ಲವೇನೋ.

ನೀರೇ. ಬಾಟಲಿ ನೀರು. ಒಮ್ಮೆ ಐಸ್‌ಕ್ರೀಮು.
ಒಮ್ಮೆ ಬರೀ ಕುರ್ಚಿ, ಪ್ಲಾಸ್ಟಿಕ್ಕಿನವು, ಬಿಳಿಯವು,
ಮದುವೆ ಮನೆಗೆ ಒಯ್ದಂಗೆ.
ಪಾಸ್‌ಪೋರ್ಟಿನಲ್ಲಿ ಇರಾಕಿಗೆ ಹೋಗುವಂತಿಲ್ಲ ಅಂತ ಮೊಹರು ಇತ್ತು.
ಗಡಿಯಲ್ಲಿ ಯಾರೂ ಆ ಹಾಳೆ ತೆರೆಯಲೇ ಇಲ್ಲ.
ವಾಪಸು ಬರುವಾಗ ಖಾಲಿ.
ಖಾಲಿ ಅಂತ ಹೊಡೆಯೋರಿಗೆ ಗೊತ್ತಾಗೋದು ಹೆಂಗೆ?
ಖಾಲಿ ಗಾಡಿ ಜಾಸ್ತಿ ಕುಣೀತೈತೆ, ಅಷ್ಟೆ.

ಸಿಪಾಯಿಗಳ ಗಾಡಿಗೆ ಉಕ್ಕಿನ ಬಾಗಿಲು, ನಾಲ್ಕು ಬೆರಳು ದಪ್ಪ.
ನಮ್ಮದಕ್ಕೆ ತಗಡು.
ಜರ್ದಾದ್ ಎಲ್ಲಿಂದಲೋ ಪ್ಲೈವುಡ್ಡು ತಂದು
ತನ್ನ ಬಾಗಿಲಿಗೊಂದು, ನನ್ನದಕ್ಕೊಂದು ಬಡಿದ,
ನಡುವೆ ಮರಳು ತುಂಬಿದ.
ಆ ರಾತ್ರಿ ಮಲಗಿ ಲೆಕ್ಕ ಹಾಕಿದೆ:
ದರ ಬೀಳುವ ತನಕ ನಾಲ್ಕು ವರ್ಷ
ಸಂಡೂರಿನ ಗುಡ್ಡವನ್ನು ಬೇಲೆಕೇರಿ ಬಂದರಿಗೆ ಹೊತ್ತವನು ನಾನು.
ಉಗುಳಿದರೂ ಕೆಂಪು, ಉಚ್ಚೆ ಹೊಯ್ದರೂ ಕೆಂಪು.
ಅಷ್ಟರಲ್ಲಿ ಒಂದು ಬಾಗಿಲಿನಷ್ಟು ಉಕ್ಕು
ನನ್ನ ಪಾಲಿಗೆ ಬರಲಿಲ್ಲ.

ಜರ್ದಾದ್ ಪೇಶಾವರದವ. ಗಡ್ಡದಲ್ಲಿ ಸದಾ ಬಿಸ್ಕೀಟಿನ ಪುಡಿ.
ಟಿವಿಯವರ ಲೆಕ್ಕದಲ್ಲಿ ನಾವು ವೈರಿಗಳು.
ಕೌಲ್ ಬಜಾರಿನ ಗ್ಯಾರೇಜಿನಲ್ಲಿ ಕಲಿತ ನನ್ನ ಉರ್ದು ಕೇಳಿ
ಸ್ಟೇರಿಂಗು ಬಡಿದು ಬಡಿದು ನಗೋನು.
ಬೇಡ ಅನ್ನೋಕೆ ನಾನು ನಕ್ಕೋ ಅಂದೆ.
ನಕ್ಕೋ! ಇದು ಯಾವ ದೇಶದ ಮಾತು?
ಬಳ್ಳಾರಿ ದೇಶದ್ದು, ಅಂದೆ.
ಅವತ್ತಿನಿಂದ ಅವನಿಗೆ ಎಲ್ಲವೂ ನಕ್ಕೋ.
ಬೇಳೆಸಾರು ನಕ್ಕೋ. ಮೇಜರ್ ಸಾಹೇಬ ನಕ್ಕೋ.
ನಿದ್ದೆಯಲ್ಲೂ ಒಂದು ಸಲ ಅಂದ.

ನನ್ನದು ಹನ್ನೊಂದನೇ ಗಾಡಿ, ಅವನದು ಒಂಬತ್ತು.
ಸೇತುವೆಯ ಹತ್ತಿರ ಒಂದು ಹಳೇ ಟೈರು ಬಿದ್ದಿತ್ತು.
ವಾಕಿಟಾಕಿಯಲ್ಲಿ ಇಂಗ್ಲಿಷು ಅರಚುತ್ತಿತ್ತು, ನಡೀರಿ, ನಡೀರಿ ಅಂತ.
ಅದರ ನಡುವೆ ಅವನ ದನಿ, ಮೆಲ್ಲಗೆ,
ಹಠ ಮಾಡೋ ಕೂಸಿಗೆ ಹೇಳಿದಂಗೆ:
ನಕ್ಕೋ.
ಅಂದದ್ದು ನನಗೋ, ರಸ್ತೆಗೋ.

ಬಳಸಿ ಹೋದೆ.
ಕಲಿಸಿದಂಗೇ ಬಳಸಿ ಹೋದೆ, ಶೇಕ್ಷಾವಲಿ.
ರಸ್ತೆ ತುಂಬ ನೀರು.
ಅಂಥಾ ಬಿಸಿಲಲ್ಲಿ ಮಳೆ ಬಂದು ಹೋದಂಗೆ,
ನನ್ನ ಟೈರು ಚರ್ರ್ ಅಂತ ಹಾದವು.
ಗಾಜಿನ ಮೇಲೆ ಹನಿ ಬಿದ್ದಿತ್ತು.
ವೈಪರ್ ಹಾಕಿದೆ.

ಕಂಪನಿಯ ಕಾಗದದಲ್ಲಿ: ವಾಹನ ಒಂದು.
ನೀರು, ಸಾವಿರದ ಆರುನೂರು ಪೆಟ್ಟಿಗೆ.
ಸಾಕ್ಷಿಯ ಸಹಿಗೆ ಜಾಗ ಇತ್ತು. ಹಾಕಿದೆ, ಕನ್ನಡದಲ್ಲಿ,
ಯಾರೂ ಓದದಂಗೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ ಅಂದ್ಕೊಂಡಿದ್ದೆ.
ಅವನು ಯಾವಾಗಲೋ ಕೆಳಗಿಳಿದಿದ್ದಾನೆ.
ಗೂಡ್ಸು ಹಾಯುತ್ತಿದೆ. ಮೂವತ್ತೊಂದು ಡಬ್ಬಿಯವರೆಗೆ ಎಣಿಸಿದೆ.
ಬಾಟಲಿ ಹಿಡಿದು ಬಾನೆಟ್ಟಿನ ಮೇಲೆ ಹತ್ತಿ
ಗಾಜಿಗೆ ನೀರು ಎರಚಲು ಕೈ ಎತ್ತುತ್ತಾನೆ.
ಬ್ಯಾಡ, ಅಂತೀನಿ.
ಬಾಯಲ್ಲಿ ಇದ್ದದ್ದು ಇನ್ನೊಂದು ಮಾತು,
ಅವನ ಮನೆಯಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು.
ಗಾಜಿನ ಆಚೆ ಕಿವಿಗೆ ಕೈಯಿಟ್ಟು
ಏನಣ್ಣಾ? ಅಂತಾನೆ.

ಗೇಟು ಎದ್ದು ಎಷ್ಟೊತ್ತಾಯಿತೋ.
ಹಿಂದೆ ಊರೇ ಹಾರ್ನು ಹೊಡೀತೈತೆ.