ಕಲ್ಲು ಕಾದರೆ

ತೊಂಬತ್ತೇಳು.
ಪರದೆಯ ಮೂಲೆಯಲ್ಲಿ ಕೆಂಪಗೆ ಕೂತ ಅಂಕಿ.
ಕಾಮಾಕ್ಷಿಪಾಳ್ಯ, ಎರಡನೇ ಮಹಡಿ, ಏಪ್ರಿಲ್, ರಾತ್ರಿ ಹನ್ನೊಂದು.
ನೆಲಮಂಗಲದ ಹುಡುಗಿಯ ಧಾರೆ
ಶೇಕಡಾ ಎಪ್ಪತ್ತೊಂದಕ್ಕೆ ಬಂದು ನಿಂತಿದೆ.
ಗಿಂಡಿಯ ಹಾಲು ಅಂಗೈಗೆ ಬೀಳುವ ಮೊದಲೇ
ಪರದೆ ಕಪ್ಪು.
ಇದು ಮೂರನೇ ಸಲ.

ಬುತ್ತಿ ಕ್ಯಾರಿಯರ್‌ಗಿಂತ ಚೂರೇ ದೊಡ್ಡದು ಈ ಪೆಟ್ಟಿಗೆ.
ಜಾಗ ಇಲ್ಲವೆಂದೇ ಕೊಂಡದ್ದು, ಹದಿನಾಲ್ಕು ಕಂತಿನಲ್ಲಿ.
ಬೀರುವಿಗೂ ಗೋಡೆಗೂ ನಡುವೆ ಒಂದು ಗೇಣು,
ಅಲ್ಲೇ ಕೂತು ಈ ಸೀಸನ್ನಿನ
ಇಪ್ಪತ್ತಾರು ಮದುವೆ ಮುಗಿಸಿದೆ.

ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಎದುರಿಗಿಟ್ಟೆ,
ಜ್ವರ ಬಂದ ಮಗುವಿಗೆ ಇಡುವ ಹಾಗೆ.
ಇಲ್ಲ, ಆ ಹೋಲಿಕೆ ಬೇಡ.
ಮಗುವಾದರೆ ಅಳುತ್ತದೆ.
ಇದು ಕುಕ್ಕರ್ ಕೂಗುವ ಮುಂಚಿನ ದನಿಯಲ್ಲಿ
ಗಂಟೆಗಟ್ಟಲೆ ಬುಸುಗುಡುತ್ತದೆ, ಕೂಗುವುದೇ ಇಲ್ಲ.

ಬೆಳಗ್ಗೆ ಎಸ್.ಪಿ. ರಸ್ತೆ.
ಜಬೀವುಲ್ಲಾ ಸ್ಕ್ರೂ ಬಿಚ್ಚಿದ, ಬ್ರಷ್ ಆಡಿಸಿದ,
ಸೀನಿದ.
ಪಕ್ಕದ ಅಂಗಡಿಯವನೂ ಸೀನಿದ.
ಟೀ ತಂದ ಹುಡುಗ ಲೋಟ ಇಟ್ಟು ಹೊರಗೋಡಿದ.
"ಜಿರಳೆ ನೋಡಿದ್ದೀನಿ ಮೇಡಂ, ಬೆಕ್ಕಿನ ಕೂದಲು ನೋಡಿದ್ದೀನಿ,
ಒಂದ್ಸಲ ಹಲ್ಲಿ, ಪೂರ್ತಿ ಹಲ್ಲಿ.
ಇದೇನಿದು ಕೆಂಪಗೆ?"

ಅಲ್ಯೂಮಿನಿಯಂ ಎಸಳುಗಳ ಸಂದಿನಲ್ಲಿ
ಪದರ ಪದರವಾಗಿ ನನ್ನ ವರ್ಷ:
ತಳದಲ್ಲಿ ಸುಗ್ಗಿಯ ರಾಗಿ, ಬೂದುಬಣ್ಣ,
ಮೇಲೆ ಬೇಸಗೆಯ ಖಾರದ ಪುಡಿ.
ನನ್ನ ಕಿಟಕಿಯ ಕೆಳಗೇ ಹೊನ್ನಗಂಗಯ್ಯನ ಗಿರಣಿ.

ಪ್ರೊಸೆಸರ್ ಮೇಲಿನ ಹಳೇ ಪೇಸ್ಟು
ಅಜ್ಜಿಯ ಎಲೆಯಡಿಕೆ ಡಬ್ಬಿಯ ಸುಣ್ಣದಂತೆ ಬಿರಿದಿತ್ತು.
ಒರೆಸಿದ. ಅಕ್ಕಿಕಾಳಿನಷ್ಟು ಹೊಸದು ಇಟ್ಟ.
"ಇಷ್ಟೇನಾ?" ಅಂದೆ.
"ಜಾಸ್ತಿ ಬಳಿದ್ರೆ ಕಂಬಳಿ ಹೊದ್ಸಿದಂಗೆ."
ಒಂದು ಮೂಲೆ ಬಿಗಿದು, ಎದುರು ಮೂಲೆ ಬಿಗಿದು,
ಮಂಚ ಜೋಡಿಸುವ ಹಾಗೆ ಕೂರಿಸಿದ.

ಮನೆಗೆ ಬಂದು ಹಚ್ಚಿದರೆ ಎಂಬತ್ತೊಂಬತ್ತು.
ಮುನ್ನೂರೈವತ್ತು ರೂಪಾಯಿಗೆ ಎಂಟು ಡಿಗ್ರಿ.

ಜಗಳಕ್ಕೆಂದೇ ಕೆಳಗಿಳಿದೆ.
"ನಿಮ್ಮ ಖಾರ ನನ್ನ ಮಷೀನು ತಿಂತಿದೆ" ಅಂದೆ.
ಹೊನ್ನಗಂಗಯ್ಯ ಕೇಳಿಸಿಕೊಂಡನೋ ಇಲ್ಲವೋ,
ರೆಪ್ಪೆಯ ತನಕ ಹಿಟ್ಟು, ಕಿವಿಯಲ್ಲಿ ಬೆಲ್ಟಿನ ಸದ್ದು.
ಬೀಳುತ್ತಿದ್ದ ಹಿಟ್ಟಿಗೆ ಬೆರಳೊಡ್ಡಿದ, ಮೂಸಿದ,
ಕಾಳು ಇಳಿಯುವ ಬಾಯನ್ನು
ಎರಡು ಬೆರಳಷ್ಟು ಮುಚ್ಚಿದ.
"ಕಲ್ಲು ಕಾದ್ರೆ ಹಿಟ್ಟು ಕಮಟು ಹೊಡೀತದೆ ಕಣವ್ವ.
ಕಾದ ಕಲ್ಲಿಗೆ ಬೈದು ಏನ್ ಬಂತು?
ಕಾಳು ಕಮ್ಮಿ ಬಿಡಬೇಕು.
ತಡ ಆಯ್ತದೆ. ಕೆಡಕ್ಕಿಲ್ಲ."
ಸಾಲಿನಲ್ಲಿದ್ದ ಹೆಂಗಸು ಗೊಣಗಿದಳು.
"ಅರ್ಜೆಂಟಿದ್ರೆ ಬೇರೆ ಗಿರಣಿ ನೋಡ್ಕೊ" ಅಂದ.
ಆಕೆ ಹೋಗಲಿಲ್ಲ, ಡಬ್ಬಿಯ ಮೇಲೆ ಕೂತಳು.

ಜಗಳ ಮರೆತು ಮೆಟ್ಟಿಲು ಹತ್ತಿದೆ.
ಎಂದೂ ಹೊಕ್ಕಿರದ ನೀಲಿ ಪರದೆಯೊಳಗೆ ಹೊಕ್ಕು
ತೊಂಬತ್ತೈದು ವಾಟ್ ಇದ್ದಲ್ಲಿ
ಅಂಜುತ್ತ ಅರವತ್ತು ಬರೆದೆ.

ಎಪ್ಪತ್ತೆರಡು.
ಬುಸುಗುಡುವುದು ನಿಂತು
ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.
ಮುಕ್ಕಾಲು ಗಂಟೆಯ ಕೆಲಸ ಈಗ ಒಂದೂಕಾಲು.
ಕಾಯುತ್ತ ಕೂತವಳಿಗೆ ಎಪ್ಪತ್ತೊಂದರ ಹತ್ತಿರ ಕಂಡಿತು:
ಹುಡುಗಿಯ ಅಪ್ಪ ಕೆಮ್ಮಿನ ನೆಪದಲ್ಲಿ
ಟವೆಲ್ಲನ್ನು ಬಾಯಿಗೆ ಒಯ್ದು
ಕಣ್ಣು ಒರೆಸಿಕೊಂಡದ್ದು.
ನಾನೇ ಕತ್ತರಿಸಿ ಜೋಡಿಸಿದ್ದು, ನಾನೇ ನೋಡಿರಲಿಲ್ಲ.
ಹಾಲು ಬಿತ್ತು.

"ಇನ್ನೂ ಆಗಿಲ್ವಾ ಮೇಡಂ?" ಫೋನಿನಲ್ಲಿ ಹುಡುಗನ ಕಡೆಯವರು.
"ಕಲ್ಲು ಕಾದಿತ್ತು" ಅಂದುಬಿಟ್ಟೆ.
"ಏನಂದ್ರಿ?"

ಬೆಳಗ್ಗೆ ಏಳಕ್ಕೆ ಮತ್ತೆ ಗಿರಣಿ ಶುರು.
ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಬ್ಯಾಡಗಿ.
ಹಳೇ ವಾಯಿಲ್ ಸೀರೆಯ ಸೆರಗು ಹರಿದು
ಪೆಟ್ಟಿಗೆ ಉಸಿರೆಳೆಯುವ ಕಡೆ ಜರಡಿಯಂತೆ ಕಟ್ಟಿದೆ.
ಒಂದು ಡಿಗ್ರಿ ಏರಿತು.

ಎಪ್ಪತ್ತಮೂರು.
ಇರಲಿ.